ಆಜ್ಞೆಯ ಮತಾಂತರ: ಚಿತ್ರದುರ್ಗದಿಂದ ಶ್ರೀರಂಗಪಟ್ಟಣದವರೆಗೆ, 1779–1799

ಕರ್ನಾಟಕದಲ್ಲಿ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿ ಇಸ್ಲಾಮಿಗೆ ಮತಾಂತರಗೊಂಡರೆಂಬ ಮಾತು ಬಂದಾಗಲೆಲ್ಲ ಟಿಪ್ಪು ಸುಲ್ತಾನನ ಕಾಲದ ಕೆನರಾ ಕ್ಯಾಥೊಲಿಕರ ಸೆರೆ ನೆನಪಾಗುತ್ತದೆ. 1784ರ ವಿಭೂತಿ ಬುಧವಾರ ಬಂಧನ ಶುರುವಾಯಿತೆಂಬುದು ಆ ಸಮುದಾಯದ ಗಟ್ಟಿಯಾದ ನೆನಪು. ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆ ಟಿಪ್ಪುವಿನ ಆಸ್ಥಾನದ ಬರಹದಲ್ಲಿ 60,000, ಸೆರೆಯಾಳು ಜೇಮ್ಸ್ ಸ್ಕರಿಯಲ್ಲಿ 30,000. ಈ ಅಂಕಿಗಳಲ್ಲಿ ಯಾವುದು ಸರಿ ಎಂಬುದರ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟು ಜನ ಮತಾಂತರಗೊಂಡರು ಎಂದರೆ ಇಷ್ಟು ಜನರ ನಂಬಿಕೆ ಬದಲಾಯಿತು ಎಂದು ಅರ್ಥವೇ? ಅಲ್ಲ ಎಂಬುದೇ ನನ್ನ ವಾದ. ಅಂಕಿಗಳು ತೋರಿಸುವುದು ಪ್ರಭುತ್ವದ ಬಲವನ್ನು. ಅಂತರಂಗದ ಬಗ್ಗೆ ಅವು ಏನನ್ನೂ ಹೇಳಲಾರವು.

ಮತಾಂತರವನ್ನು ಆಜ್ಞೆಯಾಗಿ ಹೇರುವ ಈ ಕ್ರಮದ ಬೇರು ಹುಡುಕಿದರೆ ಚಿತ್ರದುರ್ಗಕ್ಕೆ ಬರಬೇಕಾಗುತ್ತದೆ. 1779ರಲ್ಲಿ ಅಲ್ಲಿನ ದೊರೆ ಮದಕರಿ ನಾಯಕನನ್ನು ಸೋಲಿಸಿದ ಟಿಪ್ಪುವಿನ ತಂದೆ ಹೈದರಾಲಿ, ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಒಯ್ದನೆಂದೂ, ಅವರ ಹುಡುಗರನ್ನು ಇಸ್ಲಾಮಿಗೆ ಸೇರಿಸಿ ಚೇಲಾ ಪಡೆ ಕಟ್ಟಿದನೆಂದೂ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಬೇಡರು ಕ್ರೈಸ್ತರಲ್ಲ. ಹಾಗಾಗಿಯೇ ಈ ಪ್ರಸಂಗಕ್ಕೆ ಮಹತ್ವವಿದೆ. ಸೋತ ಸೀಮೆಯ ಹುಡುಗರನ್ನು ಊರು, ಕುಲ, ದೈವಗಳಿಂದ ಬಿಡಿಸಿ ಅರಮನೆಯೊಂದಕ್ಕೇ ಋಣಿಗಳಾದ ಸೈನಿಕರನ್ನಾಗಿ ಮಾಡುವುದು ಇಲ್ಲಿನ ಉದ್ದೇಶ. ಮುಂದೆ ಕೆನರಾದ ಯುವಕರನ್ನೂ ಇಂಗ್ಲಿಷ್ ಸೆರೆಯಾಳು ಹುಡುಗರನ್ನೂ ಇದೇ ದಾರಿಯಲ್ಲಿ ನಡೆಸಲಾಯಿತು.

ಸ್ಕರಿಯ ಕಥನದಲ್ಲಿ ಇದು ಹತ್ತಿರದಿಂದ ಕಾಣುತ್ತದೆ. ಫ್ರೆಂಚರು 1782ರಲ್ಲಿ ಹೈದರನಿಗೆ ಒಪ್ಪಿಸಿದ ಹದಿಹರೆಯದ ಈ ನಾವಿಕನ ತಲೆ ಬೋಳಿಸಿ, ಅಮಲು ಬರಿಸುವ ಮದ್ದು ತಿನ್ನಿಸಿ, ಸುನ್ನತಿ ಮಾಡಿ, ಚೇಲಾ ಪಡೆಗೆ ಸೇರಿಸಿದರು. ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವಿನ 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಸೆರೆಯಾಳುಗಳೆಲ್ಲ ಬಿಡುಗಡೆಯಾಗಬೇಕಿತ್ತು. ಬಿದನೂರಿನಲ್ಲಿ ಸಿಕ್ಕಿಬಿದ್ದು ಚಿತ್ರದುರ್ಗದಲ್ಲಿ ಸೆರೆಯಿದ್ದ ಕಂಪನಿಯ ಅಧಿಕಾರಿಗಳು ಹೊರಬಂದರು. ಸ್ಕರಿಯಂಥ ಮತಾಂತರಿತ ಹುಡುಗರು ಅಲ್ಲೇ ಉಳಿದರು. ಮತಾಂತರ ಇಲ್ಲಿ ಬಿಡುಗಡೆಯ ಹಕ್ಕನ್ನೇ ಅಳಿಸಿಹಾಕುವ ಸಾಧನವಾಗಿತ್ತು.

ಇವೆಲ್ಲ ಟಿಪ್ಪುವಿನ ಶತ್ರುಗಳ ಬರಹಗಳು, ಇವನ್ನು ನಂಬುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ವಿಲ್ಕ್ಸ್ ಕಂಪನಿಯ ಅಧಿಕಾರಿ. ಸ್ಕರಿಯ ಪುಸ್ತಕ ಅಚ್ಚಾದದ್ದು 1824ರಲ್ಲಿ. ಆದರೆ ಮತಾಂತರ ನಡೆಯಿತೆಂಬುದನ್ನು ಆಸ್ಥಾನದ ಬರಹವೂ ಹೆಮ್ಮೆಯಿಂದಲೇ ಹೇಳುತ್ತದೆ. ಪರಸ್ಪರ ವಿರೋಧಿಗಳು ಒಪ್ಪುವ ಸಂಗತಿಯನ್ನು ತಳ್ಳಿಹಾಕಲಾಗದು. ಸಂದೇಹ ಉಳಿಯುವುದು ಅಂಕಿಗಳ ಮೇಲೆ. 1791ರಲ್ಲಿ ಮರಾಠರು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ಟಿಪ್ಪು ನೆರವಾಗಲಿಲ್ಲವೇ ಎಂಬ ಇನ್ನೊಂದು ಪ್ರಶ್ನೆಯಿದೆ. ನೆರವಾದದ್ದು ನಿಜ. ಅದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ: ನಿಷ್ಠೆಯ ಅನುಮಾನ ಅಥವಾ ಸೈನಿಕರ ಅಗತ್ಯ ಇದ್ದಲ್ಲಿ ಮತಾಂತರ, ಇಲ್ಲದಲ್ಲಿ ದಾನ.

1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಕೆನರಾದ ಸಾವಿರಾರು ಜನ ಊರಿಗೂ ಚರ್ಚಿಗೂ ಮರಳಿದರು. ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಸಂಘಟಿಸಿದ ಪಾದ್ರಿ ಅಬ್ಬೆ ದುಬಾ, ಇಷ್ಟು ಮಂದಿಯಲ್ಲಿ ನಂಬಿಕೆಗಾಗಿ ಪ್ರಾಣ ಕೊಡುವ ಒಬ್ಬನೂ ಇರಲಿಲ್ಲವೆಂದು ನೊಂದುಕೊಂಡ. ಇದೂ ಹೊರಗಿನ ನಡೆಯಿಂದಲೇ ಒಳಗನ್ನು ಅಳೆಯುವ ತಪ್ಪು. ಬದುಕುಳಿಯಲು ತಲೆಬಾಗಿದವರ ಮೌನವನ್ನು ಹೊಸ ನಂಬಿಕೆ ಎನ್ನುವುದೂ ಸಲ್ಲದು, ಹಳೆಯ ನಂಬಿಕೆಯ ಪೊಳ್ಳುತನ ಎನ್ನುವುದೂ ಸಲ್ಲದು. ಮರಳಿದ್ದೂ ಪೂರ್ಣ ಪುರಾವೆಯಲ್ಲ; ಜಮೀನು, ನೆಂಟಸ್ತಿಕೆ, ಭಾಷೆಗಳೂ ಅವರನ್ನು ಕರೆದಿರಬೇಕು. ಮನಸಾರೆ ಇಸ್ಲಾಂ ಒಪ್ಪಿ ಉಳಿದವರೂ ಇದ್ದಿರಬಹುದು. ಅಂಥವರ ಆಯ್ಕೆಯನ್ನು ಈ ಅಂಕಿಗಳು ಬೇರೆಯಾಗಿ ತೋರಿಸುವುದಿಲ್ಲ.

ಈ ಪ್ರಶ್ನೆ ಚಿತ್ರದುರ್ಗ ಜಿಲ್ಲೆಯಲ್ಲಿ ಇಂದಿಗೂ ಮುಗಿದಿಲ್ಲ. 2021ರಲ್ಲಿ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ಕ್ರೈಸ್ತ ಮತಾಂತರದ ಮಾತನ್ನು ವಿಧಾನಸಭೆಯಲ್ಲಿ ಎತ್ತಿದರು. ತಾಲ್ಲೂಕಿನ ಆಡಳಿತದ ವರದಿ ಬಲವಂತ ಕಂಡುಬಂದಿಲ್ಲ ಎಂದಿತು. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ವಿಧಿಸಿತು. ಸುಲ್ತಾನನ ಆಜ್ಞೆಗೂ ಶಾಸನಸಭೆಯ ಕಾಯ್ದೆಗೂ ಅಜಗಜಾಂತರವಿದೆ. ಆದರೂ ಒಂದು ಎಚ್ಚರ ಎರಡಕ್ಕೂ ಅನ್ವಯಿಸುತ್ತದೆ: ಬಲವಂತವಿದ್ದರೆ ಅದನ್ನು ತಡೆಯುವುದು ಪ್ರಭುತ್ವದ ಕೆಲಸ; ಯಾರ ನಂಬಿಕೆ ನಿಜ ಎಂದು ತೀರ್ಮಾನಿಸುವ ಅಳತೆಗೋಲು ಅದರ ಬಳಿ ಅಂದೂ ಇರಲಿಲ್ಲ, ಇಂದೂ ಇಲ್ಲ.