ಹೊಳೆಯುವ ಬೆಳ್ಳಿ ನಾಣ್ಯವೆಲ್ಲ 'ಪ್ರೂಫ್' ಅಲ್ಲ: ಪ್ರೂಫ್‌ಲೈಕ್ ಎಂದರೇನು? ಒಂದೇ ನಾಣ್ಯಕ್ಕೆ ಬೇರೆ ಬೇರೆ ಗ್ರೇಡ್ ಏಕೆ?

ನವದೆಹಲಿ: ಧನ್‌ತೇರಸ್ ಹತ್ತಿರವಾದರೆ ಹಳೆ ದೆಹಲಿಯ ಚಾಂದನಿ ಚೌಕ್ ಬಳಿಯ ದರೀಬಾ ಕಲಾನ್ ಬೀದಿಯಲ್ಲಿ ಬೆಳ್ಳಿ ನಾಣ್ಯಗಳ ವ್ಯಾಪಾರ ಜೋರಾಗುತ್ತದೆ. ಹೊಸ ಲಕ್ಷ್ಮಿ-ಗಣೇಶ ಬಿಲ್ಲೆಗಳ ಜೊತೆಗೆ ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳಿಗೂ ಬೇಡಿಕೆ ಇರುತ್ತದೆ. ಪೂಜೆಗೆ ಕೊಳ್ಳುವವರು ತೂಕ ನೋಡುತ್ತಾರೆ. ಸಂಗ್ರಹಕ್ಕೆ ಕೊಳ್ಳುವವರು ನಾಣ್ಯದ ಮೈ ನೋಡುತ್ತಾರೆ. ಆ ಮೈ ಕನ್ನಡಿಯಂತೆ ಹೊಳೆದರೆ 'ಪ್ರೂಫ್', 'ಪ್ರೂಫ್‌ಲೈಕ್' ಎಂಬ ಪದಗಳು ಕೇಳಿಬರುತ್ತವೆ, ಬೆಲೆಯೂ ಏರುತ್ತದೆ.

ಈ ಎರಡು ಪದಗಳ ಅರ್ಥ ಒಂದೇ ಅಲ್ಲ. ನಾಣ್ಯಕ್ಕೆ ಗ್ರೇಡ್ ನೀಡುವ ಸಂಸ್ಥೆಗಳ ನಡುವೆಯೂ ಈ ವಿಚಾರದಲ್ಲಿ ಪೂರ್ಣ ಒಮ್ಮತ ಇಲ್ಲ. ಹಣ ಕೊಡುವ ಮುನ್ನ ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ಪ್ರೂಫ್ ಎಂದರೇನು?

ಪ್ರೂಫ್ ಎಂಬುದು ನಾಣ್ಯದ ಸ್ಥಿತಿಯಲ್ಲ, ತಯಾರಿಕೆಯ ವಿಧಾನ. ಚಲಾವಣೆಗೆ ಅಲ್ಲದೆ ಸಂಗ್ರಹಕ್ಕೆಂದೇ ಇವನ್ನು ಟಂಕಿಸಲಾಗುತ್ತದೆ. ಅಚ್ಚು ಮತ್ತು ಖಾಲಿ ಬಿಲ್ಲೆ ಎರಡನ್ನೂ ವಿಶೇಷವಾಗಿ ಉಜ್ಜಿ ಹೊಳಪು ಕೊಟ್ಟು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾರಿ ಒತ್ತಲಾಗುತ್ತದೆ. ಆಗ ಹಿನ್ನೆಲೆ ಕನ್ನಡಿಯಂತಾಗುತ್ತದೆ, ಅಕ್ಷರ ಮತ್ತು ಚಿತ್ರದ ಅಂಚುಗಳು ಚೂಪಾಗಿ ಮೂಡುತ್ತವೆ. ಇಂದಿನ ಪ್ರೂಫ್ ನಾಣ್ಯಗಳಲ್ಲಿ ಚಿತ್ರದ ಭಾಗ ಮಂಜು ಕವಿದಂತೆ ಬೆಳ್ಳಗೆ ಕಾಣುತ್ತದೆ.

ಪ್ರೂಫ್‌ಲೈಕ್ ಹೇಗೆ ಹುಟ್ಟುತ್ತದೆ?

ಇದು ಚಲಾವಣೆಗೆಂದೇ ಟಂಕಿಸಿದ ಸಾಮಾನ್ಯ ನಾಣ್ಯ. ಆದರೆ ಆಗಷ್ಟೇ ಉಜ್ಜಿದ ಅಚ್ಚಿನಿಂದ ಮೊದಮೊದಲು ಬಂದ ಕಾರಣ ಪ್ರೂಫ್‌ನಂತೆ ಹೊಳೆಯುತ್ತದೆ. ಒತ್ತುತ್ತಾ ಹೋದಂತೆ ಅಚ್ಚು ಸವೆದು, ಅದರ ಮೇಲೆ ಲೋಹ ಹರಿದ ಸೂಕ್ಷ್ಮ ಗೆರೆಗಳು ಮೂಡುತ್ತವೆ. ಆಮೇಲೆ ಬರುವ ನಾಣ್ಯಗಳಲ್ಲಿ ಕನ್ನಡಿ ಹೊಳಪು ಹೋಗಿ, ತಿರುಗಿಸಿದಾಗ ಚಕ್ರದಂತೆ ಸುತ್ತುವ ರೇಷ್ಮೆ ಹೊಳಪು ಬರುತ್ತದೆ. ಕನ್ನಡಿ ಯಾವ ನಾಣ್ಯಕ್ಕೆ ಮುಗಿಯಿತು, ರೇಷ್ಮೆ ಯಾವ ನಾಣ್ಯದಿಂದ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಗ್ರೇಡಿಂಗ್ ಗೊಂದಲದ ಮೂಲ ಇದೇ.

ಗ್ರೇಡ್ ಕೊಡುವುದು ಯಾರು?

ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆ ತಾಮ್ರದ ಸೆಂಟ್‌ಗಳಿಗಾಗಿ 1ರಿಂದ 70ರವರೆಗಿನ ಅಂಕಪಟ್ಟಿ ರೂಪಿಸಿದರು. ಅದರ ಪರಿಷ್ಕೃತ ರೂಪವೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಚಲಾವಣೆ ಕಾಣದ ನಾಣ್ಯಕ್ಕೆ ಎಂಎಸ್ 60ರಿಂದ ಎಂಎಸ್ 70ರವರೆಗೆ ಅಂಕ ಸಿಗುತ್ತದೆ. 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್ ಮತ್ತು 1987ರಲ್ಲಿ ಬಂದ ಎನ್‌ಜಿಸಿ ಈ ಕ್ಷೇತ್ರದ ಎರಡು ದೊಡ್ಡ ಹೆಸರುಗಳು. ಎರಡೂ ಅಮೆರಿಕದವು. ಪರಿಣತರು ಪರಿಶೀಲಿಸಿದ ನಾಣ್ಯವನ್ನು ಸೀಲ್ ಮಾಡಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಅಂದರೆ 'ಸ್ಲ್ಯಾಬ್'ನಲ್ಲಿ, ಪ್ರಮಾಣಪತ್ರ ಸಂಖ್ಯೆಯೊಂದಿಗೆ ಇಡಲಾಗುತ್ತದೆ.

ಒಂದೇ ನಾಣ್ಯಕ್ಕೆ ಎರಡು ಗ್ರೇಡ್ ಏಕೆ?

ಪ್ರೂಫ್‌ಲೈಕ್ ಚರ್ಚೆ ಹೆಚ್ಚು ನಡೆಯುವುದು 1878ರಿಂದ 1904ರವರೆಗೆ ಮತ್ತು 1921ರಲ್ಲಿ ಟಂಕಿಸಲಾದ ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ ಸುತ್ತ. ನಾಣ್ಯದ ಮುಂದೆ ಅಕ್ಷರ ಹಿಡಿದು, ಎಷ್ಟು ದೂರದವರೆಗೆ ಅದರ ಪ್ರತಿಬಿಂಬ ಸ್ಪಷ್ಟವಾಗಿ ಕಾಣುತ್ತದೆ ಎಂದು ನೋಡುವುದು ರೂಢಿಯ ಪರೀಕ್ಷೆ. ಸುಮಾರು 2ರಿಂದ 4 ಇಂಚು ಇದ್ದರೆ ಪ್ರೂಫ್‌ಲೈಕ್, 6 ಇಂಚು ಅಥವಾ ಹೆಚ್ಚು ಇದ್ದರೆ ಡೀಪ್ ಪ್ರೂಫ್‌ಲೈಕ್ ಎಂಬುದು ಸಾಮಾನ್ಯ ಅಳತೆ. ಕೇಳಲು ಸರಳ, ಆದರೆ ತೊಡಕುಗಳು ಹಲವು.

* ಅಳೆಯುವುದು ಕಣ್ಣು: ದೀಪದ ಬೆಳಕು, ನಾಣ್ಯ ಹಿಡಿದ ಕೋನ ಬದಲಾದರೆ ಪ್ರತಿಬಿಂಬವೂ ಬದಲಾಗುತ್ತದೆ. 1990ರ ಸುಮಾರಿಗೆ ಪಿಸಿಜಿಎಸ್ ಕಂಪ್ಯೂಟರ್ ಮೂಲಕ ಗ್ರೇಡ್ ನೀಡುವ ಪ್ರಯತ್ನ ಮಾಡಿತ್ತು. ಅದು ಮುಂದುವರಿಯಲಿಲ್ಲ.

* ಎರಡು ಮುಖ: ಪ್ರೂಫ್‌ಲೈಕ್ ಎನಿಸಿಕೊಳ್ಳಲು ಎರಡೂ ಮುಖ ಹೊಳೆಯಬೇಕು. ಒಂದು ಮುಖ ಕನ್ನಡಿಯಂತಿದ್ದು ಇನ್ನೊಂದು ಗೆರೆಯ ಅಂಚಿನಲ್ಲಿದ್ದರೆ ತೀರ್ಪು ಅತ್ತಿತ್ತ ವಾಲುತ್ತದೆ.

* ಗೀರಿನ ಲೆಕ್ಕ: ಮೂಟೆಯಲ್ಲಿ ನಾಣ್ಯಗಳು ಒಂದಕ್ಕೊಂದು ತಾಗಿ ಆದ ಗೀರುಗಳು ಕನ್ನಡಿ ಮೈಯಲ್ಲಿ ಎದ್ದು ಕಾಣುತ್ತವೆ. ಒಬ್ಬ ಪರಿಣತ ಗೀರಿಗೆ ಅಂಕ ಕಡಿಮೆ ಮಾಡಿದರೆ, ಇನ್ನೊಬ್ಬ ಹೊಳಪನ್ನು ಮೆಚ್ಚಿ ಉದಾರವಾಗಬಹುದು.

* ಪದಗಳೇ ಬೇರೆ: ಪಿಸಿಜಿಎಸ್ 'ಡಿಎಂಪಿಎಲ್' ಎನ್ನುವುದನ್ನು ಎನ್‌ಜಿಸಿ 'ಡಿಪಿಎಲ್' ಎನ್ನುತ್ತದೆ. ಪ್ರೂಫ್‌ಗೆ ಒಂದು 'ಪಿಆರ್' ಎಂದು, ಇನ್ನೊಂದು 'ಪಿಎಫ್' ಎಂದು ಬರೆಯುತ್ತದೆ.

ಒಂದೇ ಒಂದು ಅಂಕದ ವ್ಯತ್ಯಾಸ ಬೆಲೆಯನ್ನು ಹಲವು ಪಟ್ಟು ಬದಲಿಸಬಲ್ಲದು. ಹೀಗಾಗಿ ಸ್ಲ್ಯಾಬ್ ಒಡೆದು ನಾಣ್ಯ ತೆಗೆದು, ಹೆಚ್ಚಿನ ಗ್ರೇಡ್ ಸಿಗಲಿ ಎಂದು ಮತ್ತೆ ಕಳುಹಿಸುವ ಅಭ್ಯಾಸವೂ ಇದೆ. ಈ ಎರಡೂ ಸಂಸ್ಥೆಗಳು ಗ್ರೇಡ್ ಕೊಟ್ಟ ನಾಣ್ಯಗಳನ್ನು ಮತ್ತೊಮ್ಮೆ ಪರಿಶೀಲಿಸಿ ಸ್ಟಿಕರ್ ಅಂಟಿಸಲೆಂದೇ 2007ರಲ್ಲಿ ಸಿಎಸಿ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಗ್ರೇಡ್‌ಗೂ ಎರಡನೇ ಅಭಿಪ್ರಾಯ ಬೇಕಾಯಿತು ಎಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ.

ಡಾಲರ್ ಕರಗಿ ರೂಪಾಯಿ ಆದದ್ದು

ಮಾರ್ಗನ್ ಡಾಲರ್‌ಗೂ ನಮ್ಮ ಬೆಳ್ಳಿ ರೂಪಾಯಿಗೂ ನಂಟಿದೆ. ಮೊದಲ ಮಹಾಯುದ್ಧದ ವೇಳೆ ಭಾರತದಲ್ಲಿ ಬೆಳ್ಳಿಯ ಅಭಾವ ತೀವ್ರವಾಗಿತ್ತು. 1917ರಲ್ಲಿ ಒಂದು ರೂಪಾಯಿ ನೋಟು ಬಂದದ್ದೂ ಇದೇ ಕಾರಣಕ್ಕೆ. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಅದರ ಬಹುಪಾಲು ಬೆಳ್ಳಿಯನ್ನು ಭಾರತದ ಅಗತ್ಯಕ್ಕಾಗಿ ಬ್ರಿಟನ್‌ಗೆ ಮಾರಲಾಯಿತು.

ಭಾರತದ ನಾಣ್ಯಗಳಲ್ಲಿ ಗೊಂದಲ ಎಲ್ಲಿ?

1835ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿಯ ಪ್ರಮಾಣ ಶೇ. 91.7. 1940ರಿಂದ ಬೆಳ್ಳಿ ಶೇ. 50ಕ್ಕೆ ಇಳಿಯಿತು. ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆಗಳು ಸಂಗ್ರಾಹಕರ ಕೋರಿಕೆಯಂತೆ ಹಳೆ ಅಚ್ಚುಗಳಿಂದ ನಾಣ್ಯಗಳನ್ನು ಮರುಟಂಕಿಸಿ ಕೊಡುತ್ತಿದ್ದವು. 'ರಿಸ್ಟ್ರೈಕ್' ಎನ್ನುವ ಈ ನಾಣ್ಯಗಳು ನಕಲಿಯಲ್ಲ, ಆದರೆ ಅವುಗಳ ಮೇಲಿನ ಇಸವಿಯಲ್ಲಿ ತಯಾರಾದವೂ ಅಲ್ಲ. ಹೊಳೆಯುವ ಇಂಥ ನಾಣ್ಯಗಳು ಹರಾಜಿನ ಪಟ್ಟಿಗಳಲ್ಲಿ ಕೆಲವೊಮ್ಮೆ 'ಪ್ರೂಫ್ ರಿಸ್ಟ್ರೈಕ್' ಎಂದು, ಕೆಲವೊಮ್ಮೆ 'ಪ್ರೂಫ್‌ಲೈಕ್ ರಿಸ್ಟ್ರೈಕ್' ಎಂದು ಕಾಣಿಸಿಕೊಳ್ಳುತ್ತವೆ. 'ರಿಸ್ಟ್ರೈಕ್' ಎಂಬ ಪದವನ್ನೇ ಮುಚ್ಚಿಟ್ಟು ಮಾರಿದರೆ ಕೊಂಡವರಿಗೆ ದೊಡ್ಡ ನಷ್ಟ.

ಸ್ವತಂತ್ರ ಭಾರತದ ಸ್ಮರಣಾರ್ಥ ನಾಣ್ಯಗಳಲ್ಲಿ ಇನ್ನೊಂದು ಬಗೆಯ ಗೊಂದಲವಿದೆ. ದೆಹಲಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಎಸ್‌ಪಿಎಂಸಿಐಎಲ್ ಅಡಿಯ ಟಂಕಸಾಲೆಗಳು ಇವನ್ನು 'ಪ್ರೂಫ್' ಮತ್ತು 'ಯುಎನ್‌ಸಿ' ಎಂದು ಎರಡು ದರ್ಜೆಗಳಲ್ಲಿ, ಬೇರೆ ಬೇರೆ ಬೆಲೆಗೆ ಮಾರುತ್ತವೆ. ಪ್ಯಾಕ್‌ನಿಂದ ಹೊರಬಂದ ಹೊಳಪಿನ ಯುಎನ್‌ಸಿ ನಾಣ್ಯವನ್ನು ಪ್ರೂಫ್ ಎಂದು ದಾಟಿಸುವುದು ಸುಲಭ. ಇಂಥಲ್ಲಿ ಟಂಕಸಾಲೆಯ ಗುರುತು ಸ್ವಲ್ಪ ನೆರವಾಗುತ್ತದೆ. ಮುಂಬೈನ ಸಾಮಾನ್ಯ ನಾಣ್ಯಕ್ಕೆ ವಜ್ರಾಕೃತಿ, ಪ್ರೂಫ್‌ಗೆ 'ಬಿ' ಅಥವಾ 'ಎಂ' ಅಕ್ಷರ ಇರುತ್ತದೆ. ದೆಹಲಿ ಪಕ್ಕದ ನೋಯ್ಡಾ ಟಂಕಸಾಲೆಯದು ಇಸವಿಯ ಕೆಳಗಿನ ಚುಕ್ಕೆ, ಹೈದರಾಬಾದ್‌ನದು ನಕ್ಷತ್ರ. ಕೋಲ್ಕತ್ತಾದ ನಾಣ್ಯಕ್ಕೆ ಗುರುತಿಲ್ಲ.

ಹುಣಸೆಹಣ್ಣು, ವಿಭೂತಿ ಬೇಡ

ವರಮಹಾಲಕ್ಷ್ಮಿ ಹಬ್ಬಕ್ಕೆ ಮುನ್ನ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಪೂಜೆಗೆ ಇದು ಸರಿ, ಸಂಗ್ರಹದ ಮೌಲ್ಯಕ್ಕೆ ಪೆಟ್ಟು. ತಿಕ್ಕಿದ ಹೊಳಪು ಅಚ್ಚಿನಿಂದ ಬಂದ ಹೊಳಪಲ್ಲ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ನೂರಾರು ಕೂದಲೆಳೆ ಗೀರುಗಳು ಕಾಣುತ್ತವೆ. ಇಂಥ ನಾಣ್ಯಕ್ಕೆ ಗ್ರೇಡಿಂಗ್ ಸಂಸ್ಥೆಗಳು ಅಂಕ ಕೊಡದೆ 'ಡೀಟೇಲ್ಸ್' ಎಂದು ಬರೆದು, ಶುಚಿಗೊಳಿಸಲಾಗಿದೆ ಎಂದು ನಮೂದಿಸುತ್ತವೆ. ದಶಕಗಳಿಂದ ಕೂತ ಕಪ್ಪು ಛಾಯೆಯೇ ಎಷ್ಟೋ ಬಾರಿ ನಾಣ್ಯದ ಅಸಲಿತನಕ್ಕೆ ಸಾಕ್ಷಿ.

ವಿದೇಶಕ್ಕೆ ಕಳುಹಿಸುವ ಮುನ್ನ

ಗ್ರೇಡ್ ಆಸೆಗೆ ಹಳೆ ನಾಣ್ಯವನ್ನು ಹೊರದೇಶಕ್ಕೆ ಕಳುಹಿಸಿದರೆ ಕಾನೂನಿನ ತೊಡಕು ಎದುರಾಗಬಹುದು. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ನಾಣ್ಯ ಪುರಾವಸ್ತು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಯ ಹೊರತು ಬೇರೆಯವರು ಅದನ್ನು ರಫ್ತು ಮಾಡುವಂತಿಲ್ಲ. ವಿಕ್ಟೋರಿಯಾ, ಏಳನೇ ಎಡ್ವರ್ಡ್ ಕಾಲದ ರೂಪಾಯಿಗಳೆಲ್ಲ ಈ ವ್ಯಾಪ್ತಿಗೆ ಬರುತ್ತವೆ.

ಖರೀದಿಗೆ ಮುನ್ನ ನೆನಪಿಡಿ

1. ಪ್ರೂಫೋ, ಪ್ರೂಫ್‌ಲೈಕೋ, ರಿಸ್ಟ್ರೈಕೋ ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ.

2. ಸ್ಲ್ಯಾಬ್ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ, ಅಲ್ಲಿ ಚಿತ್ರವಿದ್ದರೆ ಕೈಯಲ್ಲಿರುವ ನಾಣ್ಯದೊಂದಿಗೆ ಹೋಲಿಸಿ. ನಕಲಿ ಸ್ಲ್ಯಾಬ್‌ಗಳೂ ಚಾಲ್ತಿಯಲ್ಲಿವೆ.

3. ಒಂದೇ ದೀಪದ ಕೆಳಗೆ ಎರಡೂ ಮುಖ ತಿರುಗಿಸಿ ನೋಡಿ.

4. ಹಾಲ್‌ಮಾರ್ಕ್ ಹೇಳುವುದು ಬೆಳ್ಳಿಯ ಶುದ್ಧತೆಯನ್ನು ಮಾತ್ರ, ಗ್ರೇಡ್ ಅನ್ನಲ್ಲ.

ಗ್ರೇಡ್ ಎಂಬುದು ಅನುಭವಿ ಕಣ್ಣಿನ ಅಭಿಪ್ರಾಯ. ತೂಕದಂತೆ, ಶುದ್ಧತೆಯಂತೆ ಅಳೆದು ಹೇಳುವ ಲೆಕ್ಕವಲ್ಲ. ಆದ್ದರಿಂದ ಲೇಬಲ್ ಓದಿ, ಆದರೆ ಹಣ ಕೊಡುವಾಗ ನಾಣ್ಯವನ್ನೇ ನೋಡಿ.