ದ್ರವಕ್ಕೆ ತಕ್ಕ ಪಾತ್ರೆ: ಕಾರ್ಖಾನೆಯ ದ್ರವಗಳ ಸಂಗ್ರಹ ಮತ್ತು ಸಾಗಣೆ

ಹೊಸೂರಿನ ಕೈಗಾರಿಕಾ ವಲಯದಲ್ಲಿ, ಸೊಲ್ಲಾಪುರದ ಚಾದರ ಮತ್ತು ಟವೆಲ್ ಗಿರಣಿಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳು ಅನೇಕ. ಆಮ್ಲ, ಕ್ಷಾರ, ಎಣ್ಣೆ, ದ್ರಾವಕಗಳನ್ನು ತುಂಬುವುದು, ಇಳಿಸುವುದು, ಸಾಗಿಸುವುದು ಇಂಥ ಕಡೆಗಳ ನಿತ್ಯದ ಕೆಲಸ. ಯಾವ ದ್ರವ ಯಾವ ಪಾತ್ರೆಯಲ್ಲಿರಬೇಕು ಎಂಬ ತಿಳಿವಳಿಕೆ ಕಾರ್ಖಾನೆಯ ಒಳಗೂ ಬೇಕು, ಮನೆಯಲ್ಲಿಯೂ ಬೇಕು. ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಓದುವ ಆಮ್ಲ, ಪ್ರತ್ಯಾಮ್ಲ, ಸಾಂದ್ರತೆಗಳ ಪಾಠವೇ ಇದಕ್ಕೆ ಬುನಾದಿ.

ಪಾತ್ರೆಗಳ ಬಗೆಗಳು

ಪೀಪಾಯಿ: ಸಾಮಾನ್ಯ ಅಳತೆ ಸುಮಾರು 200 ಲೀಟರ್. ಉಕ್ಕಿನದೂ ಉಂಟು, ಗಟ್ಟಿ ಪ್ಲಾಸ್ಟಿಕ್ಕಿನದೂ ಉಂಟು. ತೆಳು ದ್ರವಗಳಿಗೆ ಸಣ್ಣ ಬಾಯಿಯ ಮುಚ್ಚಿದ ಪೀಪಾಯಿ, ಗ್ರೀಸಿನಂಥ ಮಂದ ವಸ್ತುಗಳಿಗೆ ಮೇಲ್ಭಾಗ ಪೂರ್ತಿ ತೆರೆಯುವ ಪೀಪಾಯಿ ಒಗ್ಗುತ್ತದೆ.

ಐಬಿಸಿ ಟ್ಯಾಂಕ್: ಉಕ್ಕಿನ ಕೊಳವೆಗಳ ಪಂಜರದೊಳಗೆ ಕೂರಿಸಿದ ಚೌಕಾಕಾರದ ಪ್ಲಾಸ್ಟಿಕ್ ತೊಟ್ಟಿ. ಸಾಮಾನ್ಯವಾಗಿ 1000 ಲೀಟರ್ ಹಿಡಿಯುತ್ತದೆ. ಐದು ಪೀಪಾಯಿಗಳ ದ್ರವ ಇದೊಂದರಲ್ಲಿ ಅಡಗುತ್ತದೆ. ಕೆಳಗೆ ನಲ್ಲಿಯಿರುವುದರಿಂದ ಪಾತ್ರೆಯನ್ನು ಓರೆಮಾಡದೆ ದ್ರವವನ್ನು ತೆಗೆಯಬಹುದು.

ಫ್ಲೆಕ್ಸಿಟ್ಯಾಂಕ್: 20 ಅಡಿಯ ಸರಕು ಕಂಟೇನರಿನೊಳಗೆ ಹಾಸುವ ದೊಡ್ಡ ಚೀಲ. ಸುಮಾರು 16,000ದಿಂದ 24,000 ಲೀಟರ್ ಹಿಡಿಯುತ್ತದೆ. ಖಾದ್ಯತೈಲ, ಗ್ಲಿಸರಿನ್ ಮುಂತಾದ ಅಪಾಯವಿಲ್ಲದ ದ್ರವಗಳಿಗೆ ಮಾತ್ರ ಇದು ಮೀಸಲು. ಸಾಮಾನ್ಯವಾಗಿ ಒಮ್ಮೆ ಬಳಸಿದ ಚೀಲವನ್ನು ಮತ್ತೆ ಬಳಸುವುದಿಲ್ಲ.

ಟ್ಯಾಂಕ್ ಕಂಟೇನರ್: ಅದೇ 20 ಅಡಿಯ ಚೌಕಟ್ಟಿನಲ್ಲಿ ಬಿಗಿದ ಉಕ್ಕಿನ ಉರುಳೆ. ಲಾರಿ, ರೈಲು, ಹಡಗು ಮೂರಕ್ಕೂ ಹೊಂದುತ್ತದೆ. ಅಪಾಯಕಾರಿ ದ್ರವಗಳ ದೂರ ಸಾಗಣೆಗೆ ಇದೇ ಆಧಾರ.

ಆಯ್ಕೆಯ ನಿಯಮ

ಬೆಲೆಯನ್ನೂ ಗಾತ್ರವನ್ನೂ ನೋಡುವ ಮೊದಲು ದ್ರವದ ಗುಣವನ್ನು ನೋಡಬೇಕು. ಹೈಡ್ರೋಕ್ಲೋರಿಕ್ ಆಮ್ಲ ಉಕ್ಕನ್ನು ತಿನ್ನುತ್ತದೆ. ತುಕ್ಕುರಹಿತ ಉಕ್ಕನ್ನೂ ಬಿಡುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಅಥವಾ ಒಳಗೆ ರಬ್ಬರ್ ಪದರವಿರುವ ಟ್ಯಾಂಕ್ ಬೇಕು. ಶೇಕಡಾ 98ರ ಸಲ್ಫ್ಯೂರಿಕ್ ಆಮ್ಲವನ್ನು ಸಾಧಾರಣ ಉಕ್ಕಿನ ಟ್ಯಾಂಕಿನಲ್ಲಿ ಇಡಬಹುದು. ಆದರೆ ಅದಕ್ಕೆ ನೀರು ಸೇರಿ ದುರ್ಬಲವಾದರೆ ಅದೇ ಉಕ್ಕನ್ನು ಕೊರೆದು ಹೈಡ್ರೋಜನ್ ಅನಿಲವನ್ನು ಹೊರಬಿಡುತ್ತದೆ. ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪನ ಎರಡೂ ವರ್ಜ್ಯ. ಬಟ್ಟೆ ಬಿಳುಪು ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಇಟ್ಟಲ್ಲಿಯೇ ಆಮ್ಲಜನಕವನ್ನು ಬಿಡುತ್ತಿರುತ್ತದೆ. ಅದರ ಮುಚ್ಚಳದಲ್ಲಿ ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಪಾತ್ರೆ ಉಬ್ಬಿ ಒಡೆಯಬಹುದು. ಟಾಲ್ವೀನಿನಂಥ ದ್ರಾವಕಗಳು ಪ್ಲಾಸ್ಟಿಕ್ಕಿನ ಮೂಲಕ ನಿಧಾನವಾಗಿ ಹೊರಸೂಸುತ್ತವೆ. ಸುರಿಯುವಾಗ ಹುಟ್ಟುವ ಸ್ಥಾಯೀವಿದ್ಯುತ್ತಿನ ಕಿಡಿಗೆ ಅವು ಹೊತ್ತಿಕೊಳ್ಳಬಲ್ಲವು. ಅವುಗಳಿಗೆ ಉಕ್ಕಿನ ಪೀಪಾಯಿ ಬೇಕು, ಸುರಿಯುವಾಗ ಭೂಸಂಪರ್ಕವೂ ಬೇಕು.

ಎರಡನೆಯದು ತೂಕ. 1000 ಲೀಟರ್ ನೀರು 1000 ಕಿಲೋಗ್ರಾಂ ತೂಗಿದರೆ, ಅಷ್ಟೇ ಪ್ರಮಾಣದ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಸುಮಾರು 1840 ಕಿಲೋಗ್ರಾಂ ತೂಗುತ್ತದೆ. ನೀರಿನಷ್ಟೇ ಭಾರಕ್ಕೆಂದು ಮಾಡಿದ ಪಾತ್ರೆ ಈ ಹೊರೆಯನ್ನು ತಾಳದು.

ಮೂರನೆಯದು ತುಂಬುವ ಮಟ್ಟ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಯಾವ ಪಾತ್ರೆಯನ್ನೂ ಕಂಠಪೂರ್ತಿ ತುಂಬಬಾರದು. ಅರೆಬರೆ ತುಂಬಿದ ಟ್ಯಾಂಕೂ ಅಪಾಯವೇ: ತಿರುವಿನಲ್ಲಿ ದ್ರವ ಒಂದೇ ಕಡೆಗೆ ನುಗ್ಗಿ ವಾಹನವನ್ನು ಉರುಳಿಸಬಲ್ಲದು. ಆದ್ದರಿಂದಲೇ ಒಳಗೆ ತಡೆಹಲಗೆಗಳಿಲ್ಲದ ದೊಡ್ಡ ಟ್ಯಾಂಕ್ ಕಂಟೇನರನ್ನು ಶೇಕಡಾ 20ಕ್ಕಿಂತ ಹೆಚ್ಚು, 80ಕ್ಕಿಂತ ಕಡಿಮೆ ತುಂಬಿ ಸಾಗಿಸಬಾರದೆಂಬ ನಿಯಮವಿದೆ.

ಪಾತ್ರೆಯ ಮೇಲಿನ ಬರಹ

ಗಡಿಯಾಚೆಯ ನಮ್ಮ ಊರುಗಳಲ್ಲಿ ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲಿರಬಹುದು, ತಮಿಳು ಅಥವಾ ಮರಾಠಿಯಲ್ಲಿರಬಹುದು. ಆದರೆ ವಜ್ರಾಕಾರದ ಅಪಾಯಚಿಹ್ನೆಯೂ ನಾಲ್ಕು ಅಂಕಿಗಳ ಯುಎನ್ ಸಂಖ್ಯೆಯೂ ಎಲ್ಲ ಭಾಷೆಯವರಿಗೂ ಒಂದೇ. 1203 ಎಂದರೆ ಪೆಟ್ರೋಲ್, 1789 ಹೈಡ್ರೋಕ್ಲೋರಿಕ್ ಆಮ್ಲ, 1824 ಕಾಸ್ಟಿಕ್ ಸೋಡಾ ದ್ರಾವಣ, 1830 ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಪೀಪಾಯಿಯ ಮೇಲೆ 1ಎ1 ಎಂದಿದ್ದರೆ ಅದು ಉಕ್ಕಿನ ಮುಚ್ಚಿದ ಪೀಪಾಯಿ. 1ಎಚ್1 ಎಂದಿದ್ದರೆ ಪ್ಲಾಸ್ಟಿಕ್ಕಿನದು. ಮುಂದಿನ ಅಕ್ಷರ ಎಕ್ಸ್ ಆಗಿದ್ದರೆ ಅತಿ ಅಪಾಯದ ದ್ರವಕ್ಕೂ ಸಲ್ಲುತ್ತದೆ, ವೈ ಆಗಿದ್ದರೆ ಮಧ್ಯಮ ಅಪಾಯದವರೆಗೆ, ಝಡ್ ಆಗಿದ್ದರೆ ಕಡಿಮೆ ಅಪಾಯದ ದ್ರವಕ್ಕೆ ಮಾತ್ರ.

ಇಂಥ ಸರಕಿನ ವಾಹನ ನಡೆಸುವ ಚಾಲಕರಿಗೆ ಇಂಗ್ಲಿಷಿನ ಜೊತೆಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನಾದರೂ ಓದಿ ಬರೆಯಲು ಬರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕನ್ನಡ ಆ ಅನುಸೂಚಿಯಲ್ಲಿದೆ. ಸುರಕ್ಷತೆಯ ಸೂಚನೆಯನ್ನು ಕನ್ನಡದಲ್ಲಿಯೂ ಕೊಡಿ ಎಂದು ಕೇಳಲು ನಮ್ಮ ದುಡಿಮೆಗಾರರು ಅಂಜಬೇಕಾಗಿಲ್ಲ.

ಹಳೆಯ ಪೀಪಾಯಿ ಮನೆಗೆ ಬಂದಾಗ

ಜತ್ತ, ಮಡಕಶಿರಾದಂಥ ಬರದ ಸೀಮೆಗಳಲ್ಲಿ ನೀಲಿ ಪೀಪಾಯಿಯಿಲ್ಲದೆ ಬೇಸಿಗೆ ಕಳೆಯುವುದು ಕಷ್ಟ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಪೀಪಾಯಿ ಹಿಂದೆ ಏನನ್ನು ಹೊತ್ತಿತ್ತೆಂಬುದನ್ನು ಮಾರುವವರೂ ಅರಿಯದಿರಬಹುದು. ಪ್ಲಾಸ್ಟಿಕ್ಕು ಕೆಲವು ರಾಸಾಯನಿಕಗಳನ್ನು ತನ್ನೊಳಗೆ ಹೀರಿಕೊಂಡು ಮುಂದೆ ನೀರಿಗೆ ಬಿಡುತ್ತದೆ. ಸೋಪು, ಬಿಸಿನೀರು, ಬಿಸಿಲು ಯಾವುದರಿಂದಲೂ ಅದು ಪೂರ್ತಿ ಹೋಗುವುದಿಲ್ಲ. ವಾಸನೆ ಇಲ್ಲವೆಂಬುದು ಶುದ್ಧಿಯ ಗುರುತಲ್ಲ. ಕೀಟನಾಶಕ ಅಥವಾ ದ್ರಾವಕ ಇದ್ದ ಪೀಪಾಯಿಯಲ್ಲಿ ಜನರ ನೀರನ್ನೂ ದನಕರುಗಳ ನೀರನ್ನೂ ಇಡಬಾರದು. ದ್ರಾವಕವಿದ್ದ ಖಾಲಿ ಉಕ್ಕಿನ ಪೀಪಾಯಿಯನ್ನು ಕತ್ತರಿಸುವುದು, ಬೆಸುಗೆ ಹಾಕುವುದು ಇನ್ನೂ ಅಪಾಯ. ಉಳಿದ ಆವಿಗೆ ಕಿಡಿ ತಾಗಿದರೆ ಸ್ಫೋಟವಾಗುತ್ತದೆ.

ಕುಡಿಯುವ ನೀರಿಗೆ ಆಹಾರದರ್ಜೆಯ ಹೊಸ ಪೀಪಾಯಿಯನ್ನೇ ಕೊಳ್ಳಿ. ಮನೆಯಲ್ಲಿ ಈಗಾಗಲೇ ಹಳೆಯದಿದ್ದರೆ ಅದರ ಮೇಲಿನ ಗುರುತನ್ನು ಮಕ್ಕಳಿಂದ ಓದಿಸಿ. ಏನಿತ್ತೆಂದು ತಿಳಿಯದಿದ್ದರೆ ಆ ಪೀಪಾಯಿಯ ನೀರನ್ನು ಕುಡಿಯಲೂ ಅಡುಗೆಗೂ ಬಳಸಬೇಡಿ.