ಬಳ್ಳಾರಿ ಸೀಮೆಯಲ್ಲಿ ಕೆಲಸ–ಜೀವನ ಸಮತೋಲನ

ಕೆಲಸ–ಜೀವನ ಸಮತೋಲನ ಎಂದರೆ ಜೀವನೋಪಾಯದ ದುಡಿಮೆ, ದೇಹ ಮತ್ತು ಮನಸ್ಸಿನ ಆರೋಗ್ಯ, ಮನೆಯ ಹೊಣೆಗಾರಿಕೆ ಹಾಗೂ ವ್ಯಕ್ತಿಯ ಕಲಿಕೆ ಇವುಗಳ ನಡುವೆ ಸಮಯವನ್ನೂ ಶಕ್ತಿಯನ್ನೂ ಹಂಚಿಕೊಳ್ಳುವ ಕ್ರಮ. ಇದನ್ನು ಸಾಮಾನ್ಯವಾಗಿ ವ್ಯಕ್ತಿಯ ಶಿಸ್ತಿಗೆ ಸಂಬಂಧಿಸಿದ ವಿಷಯವೆಂದು ಪರಿಗಣಿಸಲಾಗುತ್ತದೆ. ಆದರೆ ತನ್ನ ಸಮಯದ ಮೇಲಿನ ಹಿಡಿತ ಎಲ್ಲರಿಗೂ ಒಂದೇ ಸಮನಾಗಿ ಇರುವುದಿಲ್ಲ. ಕರ್ನಾಟಕದ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪ್ರದೇಶಗಳಲ್ಲಿ ಬಹುಪಾಲು ದುಡಿಯುವವರ ದಿನಚರಿಯನ್ನು ತುಂಡುಲೆಕ್ಕದ ಕೂಲಿ, ಕಾಲುವೆಯ ನೀರು ಮತ್ತು ಬೇಸಿಗೆಯ ಬಿಸಿಲು ನಿರ್ಧರಿಸುತ್ತವೆ.

ಹಿನ್ನೆಲೆ

ದಿನವನ್ನು ಕ್ರಮಬದ್ಧವಾಗಿ ಕಳೆಯುವ ವಿಚಾರ ಭಾರತದಲ್ಲಿ ಹಳೆಯದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆಗೆಂದೇ ಒಂದು ಅಧ್ಯಾಯವಿದೆ. ಚರಕ ಸಂಹಿತೆಯು ಆಹಾರ, ನಿದ್ರೆ ಮತ್ತು ಬ್ರಹ್ಮಚರ್ಯಗಳನ್ನು ದೇಹದ ಮೂರು ಉಪಸ್ತಂಭಗಳೆಂದು ಹೆಸರಿಸುತ್ತದೆ. 12ನೆಯ ಶತಮಾನದ ಶರಣರು ಕಾಯಕಕ್ಕೆ ಆಧ್ಯಾತ್ಮಿಕ ಗೌರವವನ್ನು ತಂದುಕೊಟ್ಟರು.

ದುಡಿಮೆಯ ಅವಧಿಗೆ ಕಾನೂನಿನ ಮಿತಿ ಬಂದದ್ದು ಕೈಗಾರಿಕಾ ಯುಗದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಮೊದಲ ಒಡಂಬಡಿಕೆಯು ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ ಮತ್ತು ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಗೊತ್ತುಪಡಿಸಿತು. ಬ್ರಿಟಿಷ್ ಭಾರತಕ್ಕೆ ಮಾತ್ರ ವಾರಕ್ಕೆ 60 ಗಂಟೆಗಳ ಪ್ರತ್ಯೇಕ ಮಿತಿಯಿತ್ತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯ್ದೆಯು ವಾರಕ್ಕೆ 48 ಗಂಟೆಗಳ ಮಿತಿ, ಸತತ 5 ಗಂಟೆಗಳ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ವಿರಾಮ, ವಾರದ ರಜೆ ಮತ್ತು ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿಯನ್ನು ವಿಧಿಸಿತು. ವಿದ್ಯುತ್ ಬಳಸುವ ಘಟಕದಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಈ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಮನೆಯಲ್ಲೇ ಕುಳಿತು ಮಾಡುವ ಕೆಲಸವೂ ಹೊಲದ ಕೂಲಿಯೂ ಅದರ ವ್ಯಾಪ್ತಿಯ ಹೊರಗೇ ಉಳಿದವು.

ಆರೋಗ್ಯದ ಮೇಲಿನ ಪರಿಣಾಮ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಅದಕ್ಕಿಂತ ಹೆಚ್ಚು ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹಾಗೂ ರಕ್ತಪೂರೈಕೆಯ ಕೊರತೆಯ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ದೈಹಿಕ ದುಡಿಮೆ ಮಾಡುವವರಿಗೆ ವ್ಯಾಯಾಮಕ್ಕಿಂತ ಮೊದಲು ಬೇಕಾಗುವುದು ವಿಶ್ರಾಂತಿ, ನಿದ್ರೆ ಮತ್ತು ಸಕಾಲದ ಊಟ. ದಿನವಿಡೀ ಕುಳಿತು ಕೆಲಸ ಮಾಡುವವರ ಅಗತ್ಯ ಇದಕ್ಕೆ ವಿರುದ್ಧವಾದದ್ದು. ಆದುದರಿಂದ ಒಂದೇ ದಿನಚರಿ ಎಲ್ಲರಿಗೂ ಹೊಂದುವುದಿಲ್ಲ.

ಬಳ್ಳಾರಿ ನಗರ

ಬಳ್ಳಾರಿ ನಗರವು ಜೀನ್ಸ್ ಉಡುಪುಗಳ ತಯಾರಿಕೆಗೆ ಹೆಸರಾಗಿದೆ. ಬಟ್ಟೆ ಕತ್ತರಿಸುವುದು, ಹೊಲಿಯುವುದು, ಗುಂಡಿ ಹಾಕುವುದು, ತೊಳೆಯುವುದು ಮತ್ತು ಇಸ್ತ್ರಿ ಮಾಡುವುದು ಬೇರೆ ಬೇರೆ ಹಂತಗಳಾಗಿದ್ದು, ಇವುಗಳಲ್ಲಿ ಹಲವು ಸಣ್ಣ ಘಟಕಗಳಲ್ಲಿಯೂ ಮನೆಗಳಲ್ಲಿಯೂ ನಡೆಯುತ್ತವೆ. ತುಂಡುಲೆಕ್ಕದ ಪದ್ಧತಿಯಲ್ಲಿ ಹೊಲಿದಷ್ಟಕ್ಕೆ ಮಾತ್ರ ಕೂಲಿ. ಯಂತ್ರದಿಂದ ಎದ್ದ ಪ್ರತಿ ಹೊತ್ತೂ ಆದಾಯದ ನಷ್ಟವಾಗುವುದರಿಂದ ವಿರಾಮವನ್ನು ಕೆಲಸಗಾರರೇ ಮೊಟಕುಗೊಳಿಸುತ್ತಾರೆ. ಬೇಡಿಕೆ ಹೆಚ್ಚಿದ ದಿನಗಳಲ್ಲಿ ದುಡಿಮೆ ರಾತ್ರಿಗೂ ಚಾಚುತ್ತದೆ. ಬೇಡಿಕೆ ಕುಗ್ಗಿದಾಗ ಬಿಡುವಿದ್ದರೂ ಕೈಯಲ್ಲಿ ಹಣವಿರುವುದಿಲ್ಲ. ಬಾಗಿ ಕುಳಿತು ಹೊಲಿಯುವುದರಿಂದ ಕುತ್ತಿಗೆ ಮತ್ತು ಸೊಂಟದ ನೋವು, ಕಣ್ಣಿನ ಆಯಾಸ ಈ ವೃತ್ತಿಯಲ್ಲಿ ಸಾಮಾನ್ಯ.

ಸಿರುಗುಪ್ಪ ಮತ್ತು ಕುರುಗೋಡು

ತುಂಗಭದ್ರಾ ನದಿಯ ದಡದಲ್ಲಿರುವ ಸಿರುಗುಪ್ಪ ಭತ್ತದ ಬೆಳೆಗೂ ಅಕ್ಕಿ ಗಿರಣಿಗಳಿಗೂ ಪ್ರಸಿದ್ಧ. ಕುರುಗೋಡು ಸುತ್ತಮುತ್ತ ಮೆಣಸಿನಕಾಯಿ, ಹತ್ತಿ ಮತ್ತು ಭತ್ತವನ್ನು ಬೆಳೆಯುತ್ತಾರೆ. 1953ರಲ್ಲಿ ನೀರು ಹರಿಸಲಾರಂಭಿಸಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಈ ಬೇಸಾಯಕ್ಕೆ ಆಧಾರ. ನೀರು ಬಿಟ್ಟ ಕೂಡಲೇ ಸಸಿಮಡಿ, ಉಳುಮೆ ಮತ್ತು ನಾಟಿ ಒಟ್ಟಿಗೆ ಬರುವುದರಿಂದ ಕೆಲವು ವಾರಗಳ ಕಾಲ ಕೆಲಸವನ್ನು ಮುಂದೂಡಲಾಗದು. ಕಾಲುವೆಯ ಕೊನೆಯಂಚಿನ ರೈತರು ರಾತ್ರಿ ಹೊತ್ತಿನಲ್ಲೂ ನೀರು ಕಾಯಬೇಕಾಗುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಗ ನಸುಕಿನಲ್ಲೇ ಕೆಲಸ ಆರಂಭಿಸಿ ನಡುಹಗಲು ನೆರಳಿನಲ್ಲಿ ಕಳೆಯುವುದು ಆರೋಗ್ಯ ರಕ್ಷಣೆಯ ಮೊದಲ ಕ್ರಮವಾಗಿದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟ್‌ನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಅಳವಡಿಸುವವರೆಗೆ ಅಪಾರ ನೀರು ನದಿಗೆ ಹರಿದು, ಬೆಳೆಯ ಭವಿಷ್ಯದ ಬಗ್ಗೆ ರೈತರಲ್ಲಿ ಆತಂಕ ಮೂಡಿತು. ಮನೆಯೊಂದರ ವರ್ಷದ ಯೋಜನೆ ಅದರ ಹಿಡಿತದಲ್ಲಿಲ್ಲದ ಸಂಗತಿಗಳನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಇದು ನಿದರ್ಶನ.

ಮನೆಗೆಲಸ ಮತ್ತು ಮಹಿಳೆಯರು

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಾರೆ. ನಾಟಿಗೆ ಹೋಗುವ ಅಥವಾ ಮನೆಯಲ್ಲೇ ಹೊಲಿಯುವ ಮಹಿಳೆಗೆ ಇದು ಕೂಲಿಯ ದುಡಿಮೆಯ ಮೇಲೆ ಬೀಳುವ ಎರಡನೆಯ ಪಾಳಿ. ಮನೆಗೆಲಸವನ್ನು ಹಂಚಿಕೊಳ್ಳದೆ ಇದ್ದಲ್ಲಿ ಅವಳು ಕಡಿತಗೊಳಿಸಬಹುದಾದ ಸಮಯ ನಿದ್ರೆಯದು ಮಾತ್ರ.

ಸಮಯ ನಿರ್ವಹಣೆ

ಕೆಲಸಗಳನ್ನು ತುರ್ತಾದವು ಮತ್ತು ಮುಖ್ಯವಾದವು ಎಂದು ವಿಂಗಡಿಸುವುದು ಪ್ರಚಲಿತ ವಿಧಾನ. ಆರೋಗ್ಯ ತಪಾಸಣೆ, ಓದು, ಉಳಿತಾಯ ಮುಖ್ಯವಾದರೂ ತುರ್ತಲ್ಲದ ಕಾರಣ ಹಿಂದೆ ಬೀಳುತ್ತವೆ. ಋತುಮಾನದ ದುಡಿಮೆಯಿರುವಲ್ಲಿ ಪ್ರತಿದಿನದ ಸಮತೋಲನಕ್ಕಿಂತ ವರ್ಷದ ಸಮತೋಲನ ಹೆಚ್ಚು ಸಾಧ್ಯ: ನಾಟಿ ಮತ್ತು ಕೊಯ್ಲಿನ ನಡುವಿನ ಬಿಡುವನ್ನು ಚಿಕಿತ್ಸೆ, ದಾಖಲೆಪತ್ರ ಮತ್ತು ಕಲಿಕೆಗೆ ಮೊದಲೇ ಮೀಸಲಿಡಬಹುದು. 30 ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ.

ಕಲಿಕೆ ಮತ್ತು ಬೆಳವಣಿಗೆ

ವೃತ್ತಿಯ ಜೊತೆಗೆ ಕಲೆಯನ್ನು ಬೆಳೆಸಿದವರಲ್ಲಿ ಬಳ್ಳಾರಿ ರಾಘವ (1880–1946) ಪ್ರಮುಖರು. ವಕೀಲರಾಗಿದ್ದುಕೊಂಡೇ ಅವರು ತೆಲುಗು ಮತ್ತು ಕನ್ನಡ ರಂಗಭೂಮಿಯ ಹೆಸರಾಂತ ನಟರಾದರು. ನಗರದ ರಾಘವ ಕಲಾಮಂದಿರಕ್ಕೆ ಅವರ ಹೆಸರಿಡಲಾಗಿದೆ. ಇಂದು ದುಡಿಯುತ್ತಲೇ ಓದಬಯಸುವವರಿಗೆ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ದೂರಶಿಕ್ಷಣವನ್ನು ಒದಗಿಸುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ.

ವಿಮರ್ಶೆ

ಈ ವಿಷಯದ ಕುರಿತ ಜನಪ್ರಿಯ ಸಲಹೆಗಳು ಬಹುಮಟ್ಟಿಗೆ ನಿಗದಿತ ಸಂಬಳ ಮತ್ತು ರಜೆಯುಳ್ಳ ಕಚೇರಿ ನೌಕರರನ್ನು ಉದ್ದೇಶಿಸಿದವು. ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿಯನ್ನೇ ಕಳೆದುಕೊಳ್ಳುವವರಿಗೆ ಅವು ಅಷ್ಟಾಗಿ ಅನ್ವಯಿಸುವುದಿಲ್ಲ. ಇಂಥವರ ವಿಷಯದಲ್ಲಿ ನ್ಯಾಯಯುತ ಕೂಲಿದರ, ಸಂಜೆಯ ಹೊತ್ತಿನ ಚಿಕಿತ್ಸಾಲಯ, ಶಿಶುಪಾಲನಾ ಕೇಂದ್ರ ಮತ್ತು ಮೊದಲೇ ಪ್ರಕಟಿಸಿದ ನೀರಿನ ವೇಳಾಪಟ್ಟಿಗಳು ವೈಯಕ್ತಿಕ ಶಿಸ್ತಿನಷ್ಟೇ ಮಹತ್ವ ಪಡೆಯುತ್ತವೆ.